ಇಂಜಿನ್ನಿಗೆ ನೀರು-ಮೆಥನಾಲ್ ಸ್ಪ್ರೇ: ಯಾವ ಕಂಟ್ರೋಲರ್ ಯಾರಿಗೆ?

ಟರ್ಬೊ ಗಾಡಿಗೆ ವಾಟರ್-ಮೆಥ್ ಕಿಟ್ (ಇಂಜಿನ್ನಿಗೆ ಹೋಗೋ ಗಾಳಿಗೆ ನೀರು-ಮೆಥನಾಲ್ ಮಂಜು ಹೊಡೆಯೋ ಸಲಕರಣೆ) ಹಾಕ್ಸ್ಬೇಕು ಅಂತ ಹೊರಟೋರೆಲ್ಲ ಮೊದ್ಲು ಕೇಳೋದು ಪಂಪ್ ಎಷ್ಟು ಪಿಎಸ್ಐ (ಒತ್ತಡದ ಅಳತೆ), ನಾಝಲ್ ಯಾವ ಸೈಜು, ಎಷ್ಟು ಬಿಎಚ್‌ಪಿ ಜಾಸ್ತಿ ಸಿಗತ್ತೆ ಅಂತ. ಸ್ಪ್ರೇ ಯಾವಾಗ, ಎಷ್ಟು ಅಂತ ನಿರ್ಧರಿಸೋ ಕಂಟ್ರೋಲರ್ ವಿಷ್ಯ ಬರೋದು ಕೊನೇಲಿ, ಅದೂ ಬಜೆಟ್ಟಲ್ಲಿ ಮಿಕ್ಕ ದುಡ್ಡಲ್ಲಿ ಯಾವುದು ಬರತ್ತೋ ಅದು. ನಾನು ಹೇಳೋದು ಪೂರ್ತಿ ಉಲ್ಟಾ ಶುರು ಮಾಡಿ ಅಂತ. ಫುಲ್ ಥ್ರಾಟಲ್ ಹೊಡೀತಿರೋವಾಗ ಆ ಸ್ಪ್ರೇ ಥಟ್ ಅಂತ ನಿಂತೋದ್ರೆ ನಿಮ್ಮ ಇಂಜಿನ್ನಿಗೆ ಏನಾಗತ್ತೆ? ಇದಕ್ಕೆ ಉತ್ತರ ಸಿಕ್ಕಿದ್ರೆ ಯಾವ ಕಂಟ್ರೋಲರ್ ಅನ್ನೋದು ಮುಕ್ಕಾಲು ಪಾಲು ತೀರ್ಮಾನ ಆದಂಗೆ.

ಸ್ಪ್ರೇ ಮಾಡೋ ಕೆಲಸ ಏನು ಅಂತ ಬೇಗ ಹೇಳ್ಬಿಡ್ತೀನಿ. ಒಂದು ಕೆಜಿ ನೀರು ಆವಿ ಆಗೋಕೆ ಸುಮಾರು 2,257 ಕಿಲೋಜೂಲ್ ಶಾಖ ಎಳ್ಕೊಳತ್ತೆ, ಮೆಥನಾಲ್ ಸುಮಾರು 1,100, ಪೆಟ್ರೋಲ್ ಬರೀ 350ರ ಆಸುಪಾಸು. ಟರ್ಬೊದಿಂದ ಬಿಸಿಯಾಗಿ ಬಂದ ಗಾಳೀಲಿ, ಆಮೇಲೆ ಸಿಲಿಂಡರ್ ಒಳಗೆ ಕಂಪ್ರೆಷನ್ ಆಗೋವಾಗ, ಈ ಮಂಜು ಆವಿಯಾಗ್ತಾ ಶಾಖ ತಗೊಳತ್ತೆ, ನಾಕಿಂಗ್ (ಸಿಲಿಂಡರಲ್ಲಿ ಮಿಶ್ರಣ ತಾನಾಗೇ ಸಿಡಿದು ಇಂಜಿನ್ ಬಡ್ಕೊಳ್ಳೋದು) ದೂರ ಹೋಗತ್ತೆ, ಆಗ ಟೈಮಿಂಗ್ (ಕಿಡಿ ಹಚ್ಚೋ ಹೊತ್ತು) ಮುಂದಕ್ಕೆ ತಳ್ಳಬಹುದು, ಬೂಸ್ಟ್ (ಟರ್ಬೊ ತಳ್ಳೋ ಗಾಳಿಯ ಒತ್ತಡ) ಏರಿಸಬಹುದು. ಏಪ್ರಿಲ್‌ನಲ್ಲಿ ರಾಯಚೂರು ಕಲಬುರಗಿ ಕಡೆ 42 ಡಿಗ್ರೀಲಿ ಓಡಿಸೋರಿಗೆ, ಇಲ್ಲಾ ಬೆಂಗಳೂರು ಟ್ರಾಫಿಕ್ಕಲ್ಲಿ ನಿಂತು ನಿಂತು ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸೋ ರೇಡಿಯೇಟರ್) ಕಾದ ಕಾವಲಿ ಥರ ಆಗಿರೋರಿಗೆ ಇದು ಎಷ್ಟು ಉಪಯೋಗ ಅಂತ ಬಿಡಿಸಿ ಹೇಳ್ಬೇಕಿಲ್ಲ.

ಈ ಟೆಕ್ನಿಕ್ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಬಿಎಫ್ 109 ವಿಮಾನಗಳಲ್ಲಿ ಎಂಡಬ್ಲ್ಯೂ 50 ಅಂತ ಅರ್ಧ ಮೆಥನಾಲ್ ಅರ್ಧ ನೀರು ಹೊಡೀತಿದ್ರು, ಅಮೆರಿಕದ ಪಿ-47 ಥಂಡರ್‌ಬೋಲ್ಟ್‌ನಲ್ಲೂ ಇತ್ತು. ಆದ್ರೆ ನಮ್ಮ ವಿಷ್ಯಕ್ಕೆ ಪಾಠ ಇರೋದು 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಲ್ಲಿ. 10.25:1 ಕಂಪ್ರೆಷನ್, ಅದರ ಮೇಲೆ ಟರ್ಬೊ, ಅದಕ್ಕೆ 'ಟರ್ಬೊ ರಾಕೆಟ್ ಫ್ಲೂಯಿಡ್' ಅಂತ ನೀರು-ಮೆಥನಾಲ್ ಮಿಶ್ರಣದ ಟ್ಯಾಂಕು. ಟ್ಯಾಂಕು ಖಾಲಿ ಆದ್ರೆ ಇನ್‌ಟೇಕ್‌ನಲ್ಲಿದ್ದ ಇನ್ನೊಂದು ವಾಲ್ವ್ ಮುಚ್ಕೊಂಡು ಬೂಸ್ಟೇ ಬರದ ಹಾಗೆ ತಡೀತಿತ್ತು. ಅಂದ್ರೆ ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಆ ಇಂಜಿನಿಯರ್‌ಗಳು ಸ್ಪ್ರೇ ನಿಂತ್ರೆ ಏನ್ಮಾಡ್ಬೇಕು ಅಂತ ಮೊದ್ಲೇ ಯೋಚಿಸಿ ಕೂತಿದ್ರು. ಇವತ್ತು ಕಡಿಮೆ ದುಡ್ಡಿನ ಎಷ್ಟೋ ಕಿಟ್‌ಗಳಲ್ಲಿ ಒಂದು ಸಣ್ಣ ಎಲ್‌ಇಡಿ ಲೈಟ್ ಬಿಟ್ರೆ ಅಷ್ಟೂ ಇರಲ್ಲ, ಇದು ನಂಗೆ ನಿಜವಾಗ್ಲೂ ಬೇಜಾರು ತರಿಸೋ ವಿಷ್ಯ.

ಆನ್-ಆಫ್ ಸ್ವಿಚ್

ಎಲ್ಲಕ್ಕಿಂತ ಸಿಂಪಲ್ ಅಂದ್ರೆ ಇದೇ. ಮ್ಯಾನಿಫೋಲ್ಡ್‌ನಿಂದ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಕೊಳವೆ) ಒಂದು ಪೈಪು, ಅದಕ್ಕೊಂದು ಪ್ರೆಷರ್ ಸ್ವಿಚ್, 7-8 ಪಿಎಸ್ಐ ದಾಟಿದ ತಕ್ಷಣ ರಿಲೇ ಎಳೆದು ಪಂಪ್ ಪೂರ್ತಿ ಓಡತ್ತೆ, ಕೆಳಗೆ ಬಂದ್ರೆ ನಿಲ್ಲತ್ತೆ. ಕೆಡೋಕೆ ಭಾಗಗಳೇ ಕಮ್ಮಿ, ಮಲ್ಟಿಮೀಟರ್ ಹಿಡಿಯೋಕೆ ಬರೋ ಯಾವ ಎಲೆಕ್ಟ್ರಿಷಿಯನ್ ಬೇಕಾದ್ರೂ ರಿಪೇರಿ ಮಾಡ್ತಾನೆ.

ಇದರ ತೊಂದರೆ ಏನಂದ್ರೆ ಇಂಜಿನ್ನಿಗೆ ಎಷ್ಟು ಬೇಕು ಅಂತ ಇದಕ್ಕೆ ಗೊತ್ತೇ ಇಲ್ಲ. 2,500 ಆರ್‌ಪಿಎಂನಲ್ಲಿ 12 ಪಿಎಸ್ಐ ಬೂಸ್ಟ್ ಇದ್ದಾಗ್ಲೂ ಅಷ್ಟೇ ಸ್ಪ್ರೇ, 6,000ದಲ್ಲಿ ಅದೇ 12 ಇದ್ದಾಗ್ಲೂ ಅಷ್ಟೇ, ಆದ್ರೆ ಒಳಗೆ ಹೋಗ್ತಿರೋ ಗಾಳಿ ಎರಡು ಪಟ್ಟಿಗಿಂತ ಜಾಸ್ತಿ ಬೇರೆ. ಮೇಲಿನ ಆರ್‌ಪಿಎಂಗೆ ಸರಿಹೋಗೋ ನಾಝಲ್ ಹಾಕಿದ್ರೆ ಕೆಳಗೆ ಇಂಜಿನ್ ನೆನೆದು ಕೆಮ್ಮತ್ತೆ, ಕೆಳಗಿಗೆ ಸರಿಹೋಗೋದು ಹಾಕಿದ್ರೆ ಮೇಲೆ ಸಾಲಲ್ಲ. ಇನ್ನೊಂದಿದೆ. ಪಂಪ್ ಪ್ರೆಷರ್ 150 ಪಿಎಸ್ಐ ಅಂತಿಟ್ಕೊಳ್ಳಿ, ಎದುರಿಂದ ಬೂಸ್ಟ್ 20 ಪಿಎಸ್ಐ ತಳ್ತಾ ಇದ್ರೆ ನಾಝಲ್‌ಗೆ ಸಿಗೋದು 130, ಹರಿವು ಪ್ರೆಷರಿನ ವರ್ಗಮೂಲದ ಲೆಕ್ಕದಲ್ಲಿ ಹೋಗೋದ್ರಿಂದ ಸುಮಾರು 7 ಪರ್ಸೆಂಟ್ ಕಮ್ಮಿ ಆಗತ್ತೆ. ಅಂದ್ರೆ ಬೂಸ್ಟ್ ಏರಿದಷ್ಟೂ ಸ್ಪ್ರೇ ಇಳಿಯತ್ತೆ, ಬೇಕಾಗಿರೋದಕ್ಕೆ ತದ್ವಿರುದ್ಧ.

ಆದ್ರೂ ನಾನು ಇದನ್ನ ಕೀಳಾಗಿ ನೋಡಲ್ಲ. ಸಣ್ಣ ನಾಝಲ್, ಬರೀ ನೀರು, ಸ್ಪ್ರೇ ಇಲ್ದೇನೂ ಸೇಫಾಗಿ ಓಡೋ ಮ್ಯಾಪ್ (ಇಂಜಿನ್ ಕಂಪ್ಯೂಟರಲ್ಲಿರೋ ಇಂಧನ-ಟೈಮಿಂಗ್ ಸೆಟ್ಟಿಂಗ್), ಇಷ್ಟಿದ್ರೆ ಇದು ಧಾರಾಳ ಸಾಕು.

ಪಂಪಿನ ಸ್ಪೀಡ್ ಏರಿಳಿಸೋ ಪ್ರೋಗ್ರೆಸಿವ್ ಕಂಟ್ರೋಲರ್

ಮಾರ್ಕೆಟ್ಟಲ್ಲಿ ಜಾಸ್ತಿ ಓಡೋದು ಇದೇ. ಬೂಸ್ಟ್ ಎಷ್ಟರಲ್ಲಿ ಶುರು, ಎಷ್ಟರಲ್ಲಿ ಫುಲ್ ಅಂತ ಎರಡು ನಾಬ್ ಇರತ್ತೆ, ಮಧ್ಯದಲ್ಲಿ ಪಂಪಿಗೆ ಪಿಡಬ್ಲ್ಯೂಎಂ (ಕರೆಂಟನ್ನ ಬೇಗ ಬೇಗ ಆನ್-ಆಫ್ ಮಾಡೋದು) ಕೊಟ್ಟು ನಿಧಾನ ಜೋರು ಮಾಡತ್ತೆ. ಕೇಳೋಕೆ ಪರ್ಫೆಕ್ಟ್ ಅನ್ಸತ್ತೆ. ಎಡವೋದು ಅದೇ ವರ್ಗಮೂಲದ ಹತ್ರ. ಹರಿವು ಅರ್ಧ ಮಾಡ್ಬೇಕು ಅಂದ್ರೆ ಪ್ರೆಷರ್ ನಾಲ್ಕನೇ ಒಂದಕ್ಕೆ ಇಳಿಸ್ಬೇಕು, 150 ಇದ್ದಿದ್ದು 37ಕ್ಕೆ. ಕಾಲು ಭಾಗ ಮಾಡ್ಬೇಕು ಅಂದ್ರೆ ಹದಿನಾರನೇ ಒಂದು, ಹತ್ತು ಪಿಎಸ್ಐಗೂ ಕಮ್ಮಿ, ಆ ಪ್ರೆಷರಲ್ಲಿ ಬರೋದನ್ನ ಮಂಜು ಅನ್ನೋಕಾಗಲ್ಲ, ತೊಟ್ಟಿಕ್ಕೋದು ಅನ್ಬೇಕು.

ಮಲೆನಾಡು ಕಡೆಯೋರಿಗೆ ಇದನ್ನ ಲೆಕ್ಕ ಹಾಕಿ ತೋರಿಸೋದೇ ಬೇಡ. ಅಡಿಕೆಗೆ ಕೊಳೆ ಔಷಧಿ ಹೊಡೆಯೋವಾಗ ಪಂಪಿನ ಪ್ರೆಷರ್ ಬಿದ್ರೆ ಗೊನೆ ಮೇಲೆ ಹೊಗೆ ಥರ ಹರಡ್ತಿದ್ದ ಬೋರ್ಡೋ ದ್ರಾವಣ ಒಂದೇ ಧಾರೆ ಆಗಿ ಸುರಿಯತ್ತಲ್ಲ, ಇನ್‌ಟೇಕ್ ಪೈಪಲ್ಲಿ ಆಗೋದೂ ಅಷ್ಟೇ. ದಪ್ಪ ಹನಿ ಗಾಳಿ ಜೊತೆ ತಿರುವಲ್ಲಿ ತಿರುಗಲ್ಲ, ಪೈಪಿನ ಗೋಡೆಗೆ ಬಡಿದು ಹರಿದು ಯಾವುದೋ ಒಂದು ಸಿಲಿಂಡರ್‌ಗೆ ಜಾಸ್ತಿ ಹೋಗತ್ತೆ, ಇನ್ನೊಂದಕ್ಕೆ ಏನೂ ಸಿಗಲ್ಲ. ನಾಕ್ ಆಗೋದು ಆ ಏನೂ ಸಿಗದ ಸಿಲಿಂಡರಲ್ಲಿ.

ಹಾಗಾಗಿ 'ಸೊನ್ನೆಯಿಂದ ನೂರರವರೆಗೆ ಪ್ರೋಗ್ರೆಸಿವ್' ಅಂತ ಬರೆದಿದ್ರೂ ಉಪಯೋಗಕ್ಕೆ ಬರೋ ಏರಿಳಿತ ಸುಮಾರು ಒಂದಕ್ಕೆ ಎರಡು ಅಷ್ಟೇ. ಜೊತೆಗೆ ಪಂಪ್ ಸ್ಪೀಡ್ ಏರೋಕೆ ಟೈಮ್ ಬೇಕು, ಗೇರ್ ಚೇಂಜ್ ಮಾಡಿ ಮತ್ತೆ ಥ್ರಾಟಲ್ ಕೊಟ್ಟಾಗ ಬೂಸ್ಟ್ ಬಂದ್ಮೇಲೆ ಸ್ಪ್ರೇ ಹಿಂದಿಂದ ಓಡಿ ಬರತ್ತೆ. ಆನ್-ಆಫ್‌ಗಿಂತ ಡ್ರೈವ್ ಮಾಡೋಕೆ ಸ್ಮೂತ್, ಅದು ನಿಜ, 200 ಬಿಎಚ್‌ಪಿ ಆಸುಪಾಸಿನ ಬೀದಿ ಕಾರಿಗೆ ತುಂಬಾ ಜನ ಇದರಲ್ಲೇ ಖುಷಿಯಾಗಿದಾರೆ. ಆದ್ರೆ ಬರೀ ತಂಪಿಗೆ ಅಂದ್ರೆ ಆನ್-ಆಫ್ ಸಾಕು, ಮ್ಯಾಪೇ ಸ್ಪ್ರೇ ಮೇಲೆ ನಿಂತಿದೆ ಅಂದ್ರೆ ಇದು ಸಾಲಲ್ಲ, ಈ ನಡುವಿನ ಜಾಗ ತುಂಬಾ ಕಿರಿದು. ತಗೊಳ್ಳೋದೇ ಆದ್ರೆ ಸ್ಟಾರ್ಟ್ ಪಾಯಿಂಟಲ್ಲೇ ಪಂಪ್ ಕನಿಷ್ಠ 50-60 ಪಿಎಸ್ಐ ಕೊಡೋ ಹಾಗೆ ಸೆಟ್ ಮಾಡಿ, ಒಂದು ದೊಡ್ಡ ನಾಝಲ್ ಬದಲು ಎರಡು ಚಿಕ್ಕದು ಹಾಕಿ ಎರಡನೇದನ್ನ ಬೇರೆ ಸೊಲೆನಾಯ್ಡ್‌ನಿಂದ (ಕರೆಂಟಲ್ಲಿ ತೆರೆದು ಮುಚ್ಚೋ ವಾಲ್ವ್) ಲೇಟಾಗಿ ಆನ್ ಮಾಡ್ಸಿ.

ಪ್ರೆಷರ್ ಒಂದೇ, ವಾಲ್ವ್ ಬಡಿಯೋದು

ಇಲ್ಲಿ ಪಂಪ್ ಯಾವಾಗ್ಲೂ ಫುಲ್ ಪ್ರೆಷರ್ ಇಟ್ಕೊಂಡಿರತ್ತೆ, ನಾಝಲ್‌ಗೆ ಮುಂಚೆ ಒಂದು ಫಾಸ್ಟ್ ಸೊಲೆನಾಯ್ಡ್ ವಾಲ್ವ್ ಫ್ಯೂಯಲ್ ಇಂಜೆಕ್ಟರ್ ಥರ ಪಟಪಟ ಅಂತ ತೆರೆದು ಮುಚ್ಚತ್ತೆ. ತೆರೆದಿರೋ ಸಮಯ 20 ಪರ್ಸೆಂಟ್ ಅಂದ್ರೆ ಹರಿವೂ ಹತ್ರ ಹತ್ರ 20 ಪರ್ಸೆಂಟ್, 80 ಅಂದ್ರೆ 80. ಪ್ರೆಷರ್ ಬದಲಾಗದೇ ಇರೋದ್ರಿಂದ ಹನಿ ಸೈಜು ಕೆಳಗಿಂದ ಮೇಲಿನವರೆಗೂ ಸಣ್ಣದೇ. ವರ್ಲ್ಡ್ ರ‍್ಯಾಲಿ ಕಾರುಗಳ ಕಾಲದಿಂದ ಹೆಸರು ಮಾಡಿರೋ ಅಕ್ವಾಮಿಸ್ಟ್ ಸಿಸ್ಟಂಗಳು ಈ ದಾರಿಯವು, ಜೊತೆಗೆ ಫ್ಲೋ ಸೆನ್ಸರ್ ಇರತ್ತೆ, ನಂಗೆ ಮುಖ್ಯ ಅನ್ಸೋದು ಅದೇ.

ಫಿಟ್ ಮಾಡೋವಾಗ ಸ್ವಲ್ಪ ಶ್ರದ್ಧೆ ಬೇಕು. ವಾಲ್ವ್‌ನಿಂದ ನಾಝಲ್‌ವರೆಗಿನ ಪೈಪು ಚಿಕ್ಕದಾಗಿ, ಗಟ್ಟಿಯಾಗಿರ್ಲಿ, ಮೆತ್ತಗಿನ ಉದ್ದ ಪೈಪು ಹಾಕಿದ್ರೆ ಅದೇ ಬಲೂನ್ ಥರ ಉಬ್ಬಿ ವಾಲ್ವ್ ಮುಚ್ಚಿದ್ಮೇಲೂ ಹನಿಸ್ತಾ ಇರತ್ತೆ. ರೇಟು ಆನ್-ಆಫ್ ಕಿಟ್ಟಿನ ಎಷ್ಟೋ ಪಟ್ಟು, ವಾಲ್ವ್ ಕೂಡ ಕಾಲಕ್ರಮೇಣ ಸವೆಯತ್ತೆ. ಆದ್ರೂ ಸ್ಪ್ರೇ ನಂಬಿ ಟೈಮಿಂಗ್ ಏರಿಸಿದೀರಿ ಅಂದ್ರೆ ಇದಕ್ಕಿಂತ ಕಮ್ಮೀಲಿ ನಿಲ್ಲಬೇಡಿ.

ಇಸಿಯು ಕೈಗೇ ಕೊಡೋದು

ಸ್ಟ್ಯಾಂಡ್‌ಅಲೋನ್ ಇಸಿಯು (ಕಂಪನಿಯದ್ದರ ಬದಲು ಹಾಕೋ, ಬೇಕಾದಂಗೆ ಸೆಟ್ ಮಾಡೋಕಾಗೋ ಇಂಜಿನ್ ಕಂಪ್ಯೂಟರ್) ಇರೋರಿಗೆ ಬೇರೆ ಡಬ್ಬಿ ಯಾಕೆ ಬೇಕು? ಮೆಗಾಸ್ಕ್ವರ್ಟ್ 3ರಲ್ಲಿ ವಾಟರ್ ಇಂಜೆಕ್ಷನ್ ಸೆಟ್ಟಿಂಗ್ ಇದೆ, ಆರ್ಡುಯಿನೊ ಮೆಗಾ ಮೇಲೆ ಓಡೋ ಓಪನ್ ಸೋರ್ಸ್ ಸ್ಪೀಡುಯಿನೊದಲ್ಲೂ ಇದೆ, ಅದ್ರಲ್ಲಿ ಸಿಂಪಲ್ ಆನ್-ಆಫ್‌ನಿಂದ ಹಿಡಿದು ಬೂಸ್ಟ್ ಪ್ರಕಾರ ಏರೋದು, ಆರ್‌ಪಿಎಂ ಮತ್ತು ಮ್ಯಾನಿಫೋಲ್ಡ್ ಒತ್ತಡದ ಟೇಬಲ್‌ನಿಂದ ಹೋಗೋದು, ಹೀಗೆ ಬೇರೆ ಬೇರೆ ಮೋಡ್‌ಗಳು. ಒಂದೇ ಮಿದುಳಿಗೆ ಸ್ಪ್ರೇನೂ ಗೊತ್ತು ಟೈಮಿಂಗೂ ಗೊತ್ತು ಬೂಸ್ಟೂ ಗೊತ್ತು, ಆದ್ರಿಂದ ನೀರು ಖಾಲಿ ಅಂದ ತಕ್ಷಣ ತಾನೇ ಟೈಮಿಂಗ್ ಹಿಂದಕ್ಕೆ ತಗೊಳ್ಳಬಹುದು. 2016ರ ಬಿಎಂಡಬ್ಲ್ಯೂ ಎಂ4 ಜಿಟಿಎಸ್‌ನಲ್ಲಿ ಕಂಪನಿಯಿಂದಲೇ ಬಂದಿದ್ದು ಈ ರೀತಿ: ಡಿಕ್ಕೀಲಿ 5 ಲೀಟರ್ ನೀರಿನ ಟ್ಯಾಂಕು, ಮ್ಯಾನಿಫೋಲ್ಡ್‌ನಲ್ಲಿ ಮೂರು ಇಂಜೆಕ್ಟರ್, 500 ಪಿಎಸ್. ನೀರು ಮುಗಿದ್ರೆ ಇಂಜಿನ್ ತಾನಾಗೇ ಬೂಸ್ಟ್ ಇಳಿಸಿ ಟೈಮಿಂಗ್ ಹಿಂದೆ ತಗೊಳತ್ತೆ. ಜೆಟ್‌ಫೈರ್‌ನ ಅದೇ ಐಡಿಯಾ, 54 ವರ್ಷ ಆದ್ಮೇಲೆ.

ಕಂಪನಿ ಇಸಿಯು ಇರೋ ಕಾರಿಗೆ ರೀಮ್ಯಾಪ್ ಮಾಡ್ಸಿರೋರಿಗೆ ಈ ದಾರಿ ಸಾಮಾನ್ಯವಾಗಿ ಸಿಗಲ್ಲ, ಅವರು ಹೊರಗಿನ ಕಂಟ್ರೋಲರ್‌ನಿಂದ ಒಂದು ವೈರ್ ತಂದು ಬೂಸ್ಟ್ ಸೊಲೆನಾಯ್ಡ್ ಕಟ್ ಮಾಡಿಸ್ಬೇಕು.

ಯಾವ ಸಿಗ್ನಲ್ ನೋಡಿ ಸ್ಪ್ರೇ ಮಾಡ್ಬೇಕು

ಇಲ್ಲಿ ನಮ್ಮೂರಿನ ವಿಷ್ಯ ಒಂದಿದೆ, ಕಿಟ್ ಜೊತೆ ಬರೋ ಪುಸ್ತಕದಲ್ಲಿ ಸಿಗಲ್ಲ. ಸಾಮಾನ್ಯ ಪ್ರೆಷರ್ ಸ್ವಿಚ್ ಅಳೆಯೋದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಹೊರಗಿನ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು, ಮಂಗಳೂರಲ್ಲಿ 101. ಈಗಿನ ತುಂಬಾ ಇಸಿಯುಗಳು ಬೂಸ್ಟ್ ಟಾರ್ಗೆಟ್ ಇಟ್ಕೊಳ್ಳೋದು ಆಬ್ಸಲ್ಯೂಟ್ ಲೆಕ್ಕದಲ್ಲಿ (ಹೊರಗಿನ ಗಾಳಿಯ ಒತ್ತಡವೂ ಸೇರಿ), 160 ಕಿಲೋಪಾಸ್ಕಲ್ ಅಂತ ಹಿಡಿಯೋಣ. ಬೆಂಗಳೂರಲ್ಲಿ ಅದು ಗೇಜ್ ಮೇಲೆ 10 ಪಿಎಸ್ಐ, ಮಂಗಳೂರಲ್ಲಿ ಎಂಟೂವರೆ. ನೀವು ಬೆಂಗಳೂರಲ್ಲಿ ಕೂತು ಸ್ವಿಚ್ಚನ್ನ 9ಕ್ಕೆ ಸೆಟ್ ಮಾಡಿ ಶಿರಾಡಿ ಘಾಟಿ ಇಳಿದು ಹೋದ್ರೆ ಅಲ್ಲಿ ಸೆಕೆ ಜಾಸ್ತಿ, ಸಿಲಿಂಡರ್‌ಗೆ ಹೋಗೋ ಗಾಳಿಯ ಒತ್ತಡ ಅಷ್ಟೇ, ಆದ್ರೆ ಸ್ಪ್ರೇ ಆನ್ ಆಗೋದೇ ಇಲ್ಲ! ಅದಕ್ಕೆ ಆಬ್ಸಲ್ಯೂಟ್ ಒತ್ತಡ ಅಳೆಯೋ ಎಂಎಪಿ ಸೆನ್ಸರ್ ಓದೋ ಕಂಟ್ರೋಲರ್ ತಗೊಳ್ಳಿ, ಸ್ವಿಚ್ಚೇ ಅಂದ್ರೆ ಕರಾವಳಿ ಲೆಕ್ಕಕ್ಕೆ ಇಳಿಸಿ ಸೆಟ್ ಮಾಡಿ.

ಬೂಸ್ಟ್ ಒಂದನ್ನೇ ನೋಡೋದಕ್ಕಿಂತ ಇಂಜೆಕ್ಟರ್ ಡ್ಯೂಟಿ (ಪೆಟ್ರೋಲ್ ಇಂಜೆಕ್ಟರ್ ಎಷ್ಟು ಪಾಲು ಹೊತ್ತು ತೆರೆದಿರತ್ತೆ ಅನ್ನೋದು) ನೋಡೋದು ವಾಸಿ, ಯಾಕಂದ್ರೆ ಅದ್ರಲ್ಲಿ ಆರ್‌ಪಿಎಂ ಲೋಡ್ ಎರಡೂ ಸೇರಿರತ್ತೆ, ಪೆಟ್ರೋಲ್ ಏರಿದಂಗೆ ಸ್ಪ್ರೇ ಏರತ್ತೆ. ಆದ್ರೆ ಇದು ಹಳೇ ಶೈಲಿಯ ಪೋರ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರಿಗೆ ಮಾತ್ರ. ಟಿಎಸ್ಐ ಥರದ ಡೈರೆಕ್ಟ್ ಇಂಜೆಕ್ಷನ್ನಲ್ಲಿ (ಸಿಲಿಂಡರ್ ಒಳಗೇ ಪೆಟ್ರೋಲ್ ಹೊಡೆಯೋದು) ರೈಲ್ ಪ್ರೆಷರೇ ಏರಿಳಿಯತ್ತೆ, ಇಂಜೆಕ್ಟರ್ ಓಡೋದು ಹೈ ವೋಲ್ಟೇಜಲ್ಲಿ, ಆ ವೈರಿಗೆ ಕೈ ಹಾಕ್ಲೇಬೇಡಿ. ಅಲ್ಲಿ ಎಂಎಎಫ್ (ಒಳಗೆ ಹೋಗೋ ಗಾಳಿ ಅಳೆಯೋ ಸೆನ್ಸರ್) ಸಿಗ್ನಲ್, ಇಲ್ಲಾಂದ್ರೆ ಎಂಎಪಿ ಜೊತೆ ಆರ್‌ಪಿಎಂ. ಕಾಮನ್ ರೈಲ್ ಡೀಸೆಲ್‌ಗೂ ಇದೇ ಮಾತು, ಬೂಸ್ಟ್ ಜೊತೆ ಎಕ್ಸಾಸ್ಟ್ ಟೆಂಪರೇಚರ್ ನೋಡಿದ್ರೆ ಇನ್ನೂ ಒಳ್ಳೇದು.

ಏನು ತುಂಬಿಸ್ತೀರಿ ಅನ್ನೋದೂ ಕಂಟ್ರೋಲರ್ ವಿಷ್ಯಾನೇ

ಬರೀ ನೀರು ಹೊಡೀತಿದ್ದು ಅದು ನಿಂತ್ರೆ ನಾಕ್ ತಡೆಯೋ ಮಾರ್ಜಿನ್ ಹೋಗತ್ತೆ, ಆದ್ರೆ ಗಾಳಿ-ಪೆಟ್ರೋಲ್ ಅನುಪಾತ ಹೆಚ್ಚುಕಮ್ಮಿ ಹಾಗೇ ಇರತ್ತೆ. ಮೆಥನಾಲ್ ಇಂಧನ ಕೂಡ, ಅದ್ರ ಸರಿ ಅನುಪಾತ 6.4:1, ಪೆಟ್ರೋಲ್‌ದು 14.7. ಮೆಥನಾಲ್ ಬರತ್ತೆ ಅಂತ ಮ್ಯಾಪಲ್ಲಿ ಪೆಟ್ರೋಲ್ ಕಮ್ಮಿ ಮಾಡಿದ್ದು ಸ್ಪ್ರೇ ನಿಂತ್ರೆ ಫುಲ್ ಬೂಸ್ಟಲ್ಲಿ ಮಿಶ್ರಣ ಲೀನ್ ಆಗತ್ತೆ (ಗಾಳಿಗೆ ಇಂಧನ ಸಾಲಲ್ಲ), ಜೊತೆಗೆ ತಂಪೂ ಹೋಯ್ತು, ಎರಡು ಏಟು ಒಟ್ಟಿಗೆ. ಹಾಗಾಗಿ ಸಿಂಪಲ್ ಕಂಟ್ರೋಲರ್ ಇದ್ರೆ ನೀರೇ ಹಾಕಿ, 50:50 ಬೇಕು ಅಂದ್ರೆ ಫ್ಲೋ ಸೆನ್ಸರ್ ಇರೋದನ್ನೇ ತಗೊಳ್ಳಿ.

ಮೆಥನಾಲ್ ಬಗ್ಗೆ ಇನ್ನೊಂದು ಮಾತು, ದಯವಿಟ್ಟು ಸೀರಿಯಸ್ಸಾಗಿ ತಗೊಳ್ಳಿ. 1981ರಲ್ಲಿ ಬೆಂಗಳೂರಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ರು, ಅದರಲ್ಲಿ ಬೆರೆಸಿದ್ದು ಇದೇ ಮೀಥೈಲ್ ಆಲ್ಕೋಹಾಲ್. ಸ್ವಲ್ಪವೇ ಹೊಟ್ಟೆಗೆ ಹೋದ್ರೂ ಕಣ್ಣು ಹೋಗಬಹುದು, ಚರ್ಮದಿಂದಲೂ ಒಳಗೆ ಇಳಿಯತ್ತೆ, ಶುದ್ಧ ಮೆಥನಾಲ್ ಉರಿ ಹಗಲಲ್ಲಿ ಕಣ್ಣಿಗೇ ಬೀಳಲ್ಲ. ಮಾರಾಟಕ್ಕೆ ಲೈಸೆನ್ಸ್ ನಿಯಮ ಇರೋದು ಸುಮ್ನೆ ಅಲ್ಲ. ಮನೇಲಿ ನೀರಿನ ಬಾಟ್ಲೀಲಿ ತುಂಬಿಡೋದು ಯಾವ ಕಾರಣಕ್ಕೂ ಬೇಡ.

ಫೇಲ್‌ಸೇಫ್ (ಸ್ಪ್ರೇ ಕೆಟ್ರೆ ಇಂಜಿನ್ ಕಾಯೋ ವ್ಯವಸ್ಥೆ): ಯಾವುದು ಏನನ್ನ ಹಿಡಿಯತ್ತೆ

ಟ್ಯಾಂಕಲ್ಲಿರೋ ಫ್ಲೋಟ್ ಸ್ವಿಚ್ ನೀರು ಖಾಲಿ ಆಗಿದ್ದನ್ನ ಮಾತ್ರ ಹೇಳತ್ತೆ. ಪಂಪ್ ಸತ್ತಿದ್ರೂ ಪೈಪು ಒಡೆದಿದ್ರೂ ಅದಕ್ಕೆ ಎಲ್ಲಾ ಓಕೆ. ಪ್ರೆಷರ್ ಸೆನ್ಸರ್ ಪಂಪ್ ಸತ್ತಿದ್ದು, ಪೈಪು ಬಿಟ್ಕೊಂಡಿದ್ದು ಹಿಡಿಯತ್ತೆ, ಆದ್ರೆ ನಾಝಲ್ ಕಟ್ಕೊಂಡ್ರೆ ಪ್ರೆಷರ್ ಇನ್ನೂ ಚೆನ್ನಾಗೇ ತೋರಿಸತ್ತೆ. ನಮ್ಮಲ್ಲಿ ಜಾಸ್ತಿ ಆಗೋದು ಅದೇ, ಬೋರ್‌ವೆಲ್ ನೀರಿನ ಸುಣ್ಣ ಕಟ್ಕೊಂಡು ಆ ಕೂದಲೆಳೆ ತೂತು ಮುಚ್ಚೋಗೋದು. ನಂಗೂ ಒಂದ್ಸಲ ಹಾಗೇ ಆಗಿ, ಪ್ರೆಷರ್ ಗೇಜ್ ನೋಡ್ಕೊಂಡು ಸರಿಯಾಗಿದೆ ಅಂತಲೇ ವಾರಗಟ್ಟಲೆ ಓಡಿಸಿದ್ದೆ, ನಾಝಲ್ ಬಿಚ್ಚಿದಾಗಲೇ ಗೊತ್ತಾಗಿದ್ದು ಮುಕ್ಕಾಲು ಮುಚ್ಚಿದೆ ಅಂತ. ಅದಾದ್ಮೇಲೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಿಲ್ಲ, ಲೈನಲ್ಲಿ ಫಿಲ್ಟರೂ ಇದೆ. ಫ್ಲೋ ಸೆನ್ಸರ್ ಒಂದೇ ಎರಡೂ ಕಡೆ ಹಿಡಿಯೋದು, ಹರಿವು ಇರ್ಬೇಕಾದ್ದಕ್ಕಿಂತ ಕಮ್ಮಿ ಅಂದ್ರೆ ಕಟ್ಟಿದೆ, ಜಾಸ್ತಿ ಅಂದ್ರೆ ಎಲ್ಲೋ ಒಡೆದಿದೆ.

ನಿಂತ್ರೆ ಅಪಾಯ ಇದ್ದಂಗೆ ನಿಲ್ಲದೇ ಹೋದ್ರೂ ಅಪಾಯ. ಡಿಕ್ಕೀಲಿರೋ ಟ್ಯಾಂಕ್ ನಾಝಲ್‌ಗಿಂತ ಮೇಲಿದ್ರೆ, ಇಲ್ಲಾ ನಾಝಲ್ ಥ್ರಾಟಲ್ ಆದ್ಮೇಲೆ ವ್ಯಾಕ್ಯೂಮ್ ಜಾಗದಲ್ಲಿದ್ರೆ, ಪಂಪ್ ಆಫ್ ಆಗಿದ್ರೂ ನೀರು ತಾನೇ ಎಳ್ಕೊಂಡು ಹೋಗತ್ತೆ. 2 ಲೀಟರ್ ನಾಲ್ಕು ಸಿಲಿಂಡರ್ ಡೀಸೆಲ್, 17:1 ಕಂಪ್ರೆಷನ್ ಅಂದ್ರೆ ಪಿಸ್ಟನ್ ಮೇಲೆ ಬಂದಾಗ ಮಿಕ್ಕಿರೋ ಜಾಗ ಸುಮಾರು 31 ಸಿಸಿ. ರಾತ್ರಿಯೆಲ್ಲ ಅಷ್ಟು ನೀರು ಒಂದು ಸಿಲಿಂಡರ್‌ಗೆ ಇಳಿದ್ರೆ ಬೆಳಿಗ್ಗೆ ಕ್ರ್ಯಾಂಕ್ ಮಾಡ್ದಾಗ ಕನೆಕ್ಟಿಂಗ್ ರಾಡ್ ಬಾಗತ್ತೆ. ಚೆಕ್ ವಾಲ್ವ್ ಒಂದನ್ನೇ ನಂಬಬೇಡಿ, ಕಸ ಸಿಕ್ಕಿದ್ರೆ ಅದು ಮುಚ್ಚಲ್ಲ, ನಾಝಲ್ ಹತ್ರ ಒಂದು ಸೊಲೆನಾಯ್ಡ್ ಇರ್ಲೇಬೇಕು. ಆನ್-ಆಫ್ ಕಿಟ್ಟಿಗೂ ಈ ಒಂದು ಖರ್ಚು ತಪ್ಪಿಸಬೇಡಿ.

ಗೇರಾಜ್‌ಗಳಲ್ಲಿ ಆರ್‌ಒ ಫಿಲ್ಟರಿನ ಬೂಸ್ಟರ್ ಪಂಪ್, ಬ್ಯಾಟರಿ ಸ್ಪ್ರೇಯರ್ ಪಂಪ್ ಹಾಕಿ ಕಿಟ್ ಮಾಡಿಕೊಡ್ತಾರೆ. ಬರೀ ನೀರಿಗೆ, ಸಣ್ಣ ನಾಝಲ್‌ಗೆ ಕೆಲಸ ನಡೆಯತ್ತೆ, ಮೆಥನಾಲ್‌ಗೆ ಆ ಸೀಲ್‌ಗಳು ತಡೆಯತ್ತೆ ಅನ್ನೋ ಗ್ಯಾರಂಟಿ ಇಲ್ಲ. ಗ್ಲಾಸ್ ವಾಷರ್ ಪಂಪಂತೂ ಬೇಡವೇ ಬೇಡ, ಅದರ ಪ್ರೆಷರಿಗೆ ಮಂಜು ಆಗಲ್ಲ.

ಹಾಗಾದ್ರೆ ಯಾರಿಗೆ ಯಾವುದು

ಸ್ಟಾಕ್ ಮ್ಯಾಪ್ ಇಲ್ಲಾ ಸಾಧಾರಣ ಸ್ಟೇಜ್ 1 (ಪಾರ್ಟ್ ಬದಲಿಸದೆ ಬರೀ ರೀಮ್ಯಾಪ್), ಬೇಸಿಗೇಲಿ ಪವರ್ ಬೀಳೋದು ತಡೀಬೇಕು ಅಷ್ಟೇ ಅನ್ನೋರಿಗೆ ಆನ್-ಆಫ್, ನೀರು, ಸಣ್ಣ ನಾಝಲ್, ಸೊಲೆನಾಯ್ಡ್. ಡೀಸೆಲ್‌ನಲ್ಲಿ ಎಕ್ಸಾಸ್ಟ್ ಬಿಸಿ ಇಳಿಸೋಕೆ ಅಂದ್ರೂ ಇಷ್ಟೇ, ಬೇಕಾದ್ರೆ ಪ್ರೋಗ್ರೆಸಿವ್. ಟ್ರ್ಯಾಕ್, ಡ್ರ್ಯಾಗ್, ದೊಡ್ಡ ಟರ್ಬೊ, ಮ್ಯಾಪೇ ಸ್ಪ್ರೇ ಮೇಲೆ ಅಂದ್ರೆ ವಾಲ್ವ್ ಮತ್ತು ಫ್ಲೋ ಸೆನ್ಸರ್, ಇಲ್ಲಾ ಸ್ಟ್ಯಾಂಡ್‌ಅಲೋನ್ ಇಸಿಯು. ರೋಡ್ ಗಾಡಿ ಆದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ (ಗಾಡಿ ಮಾರ್ಪಾಡಿನ ಬಗ್ಗೆ ಇರೋದು), ವಾರಂಟಿ, ಇನ್ಶೂರೆನ್ಸ್ ಮೂರನ್ನೂ ಮೊದ್ಲು ಓದ್ಕೊಳ್ಳಿ.

ನಾಝಲ್ ಸೈಜಿಗೆ ಒರಟು ಲೆಕ್ಕ: 200 ಬಿಎಚ್‌ಪಿ ಪೆಟ್ರೋಲ್ ಟರ್ಬೊ ಫುಲ್ ಲೋಡಲ್ಲಿ ನಿಮಿಷಕ್ಕೆ ಹತ್ರ ಹತ್ರ 1,100 ಸಿಸಿ ಪೆಟ್ರೋಲ್ ಕುಡಿಯತ್ತೆ, ಅದರ 15 ಪರ್ಸೆಂಟ್ ಅಂದ್ರೆ 165 ಸಿಸಿ. ನಾಝಲ್ ರೇಟಿಂಗ್ 100 ಪಿಎಸ್ಐಗೆ ಕೊಟ್ಟಿದಾರೆ ಅಂತಿಟ್ಕೊಳ್ಳಿ, ನಿಮಗೆ ಬೂಸ್ಟ್ ಕಳೆದು 140 ಪಿಎಸ್ಐ ಸಿಗ್ತಿದ್ರೆ 140 ಸಿಸಿ ನಾಝಲ್ಲೇ 165 ಕೊಡತ್ತೆ. ಇಂಟರ್‌ಕೂಲರ್ ಆದ್ಮೇಲೆ, ಥ್ರಾಟಲ್‌ಗೆ ಒಂದು ಗೇಣು ಮುಂಚೆ ಕೂರಿಸಿ. ಇನ್‌ಟೇಕ್ ಟೆಂಪರೇಚರ್ ಸೆನ್ಸರ್ ಮೇಲೆ ನೇರ ಹನಿ ಬೀಳಬಾರದು, ಒದ್ದೆ ಸೆನ್ಸರ್ ಗಾಳಿ ಇರೋದಕ್ಕಿಂತ ತಂಪು ಅಂತ ಸುಳ್ಳು ಹೇಳತ್ತೆ, ಇಸಿಯು ಅದನ್ನ ನಂಬಿ ಟೈಮಿಂಗ್ ಏರಿಸತ್ತೆ.

ಯಾವುದೇ ಹಾಕ್ಸಿದ್ರೂ ಗೇರಾಜಿಂದ ಗಾಡಿ ತಗೊಳ್ಳೋ ಮುಂಚೆ ಎರಡು ಟೆಸ್ಟ್ ನಿಮ್ಮ ಕಣ್ಣೆದುರೇ ಮಾಡ್ಸಿ. ನಾಝಲ್ ಬಿಚ್ಚಿ ಅಳತೆ ಜಾರಿನೊಳಗೆ ಹಿಡಿದು ಟ್ಯಾಂಕಲ್ಲಿ ಬರೀ ನೀರಿಟ್ಟು ಒಂದು ನಿಮಿಷ ಪಂಪ್ ಓಡಿಸಿ, ಎಷ್ಟು ಸಿಸಿ ಬಂತು ಅಂತ ಬರೆದಿಟ್ಕೊಳ್ಳಿ, ಮೂರು ತಿಂಗಳಿಗೊಮ್ಮೆ ಮತ್ತೆ ಅಳೆದು ಹೋಲಿಸಿ. ಆಮೇಲೆ, ಫೇಲ್‌ಸೇಫ್ ಇರೋ ಕಿಟ್ಟಾದ್ರೆ, ಪಂಪಿನ ಫ್ಯೂಸ್ ಕಿತ್ತು ಕಮ್ಮಿ ಬೂಸ್ಟಲ್ಲೇ ಒಂದು ರೌಂಡ್ ಹೋಗಿ ಫೇಲ್‌ಸೇಫ್ ನಿಜವಾಗ್ಲೂ ಬೂಸ್ಟ್ ಕಟ್ ಮಾಡತ್ತಾ ನೋಡಿ. ಮಾಡ್ಲಿಲ್ಲ ಅಂದ್ರೆ ಗಾಡಿ ಅಲ್ಲೇ ಬಿಟ್ಟು ಬನ್ನಿ, ಸರಿ ಮಾಡಿದ್ಮೇಲೆ ತಗೊಂಡ್ರಾಯ್ತು.